ಗಂಗೂಬಾಯಿ ಹುಟ್ಟಿದ್ದು ಹಾವೇರಿಯಲ್ಲಲ್ಲ

1997ರ ಆಗಸ್ಟ್‌ನಲ್ಲಿ ಧಾರವಾಡ ಜಿಲ್ಲೆ ಒಡೆದು ಹಾವೇರಿ ಜಿಲ್ಲೆ ಆಯಿತು. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ನಾಲ್ಕೂ ಹಾವೇರಿ ಪಾಲಿಗೆ ಬಂದವು. ಊರು ಇದ್ದಲ್ಲೇ ಇತ್ತು, ವಿಳಾಸ ಬದಲಾಯಿತು. ಅದಕ್ಕೆ ಸರ್ಕಾರದ ಒಂದು ಆದೇಶ ಸಾಕಾಯಿತು. ನಮ್ಮ ಸೋದರಮಾವನ ಫೈಲುಗಳಿಗೆ ಅಷ್ಟು ಸಾಲದು.

ಮಾವ ರಿಟೈರ್ಡ್ ಮಾಸ್ತರು. ಈ ನಾಲ್ಕು ತಾಲ್ಲೂಕಿನ ಊರು, ಜನರ ಬಗ್ಗೆ ಬರೆದಿಟ್ಟ ಟಿಪ್ಪಣಿಗಳನ್ನೆಲ್ಲ ಪುಸ್ತಕ ಮಾಡಿಸಬೇಕು ಅಂತ ಟೈಪ್ ಮಾಡಿಸಿದ್ದಾರೆ. ಒಟ್ಟು 312 ಫೈಲು. ಪೆನ್‌ಡ್ರೈವ್ ನನ್ನ ಕೈಗಿಟ್ಟು, “ತಮ್ಮಾ, ಧಾರವಾಡ ಇದ್ದಲ್ಲೆಲ್ಲ ಹಾವೇರಿ ಮಾಡು. ಸವಣೂರ, ಹಿರೇಕೆರೂರ ಅಂತ ಬರದದ್ದನ್ನ ಸವಣೂರು, ಹಿರೇಕೆರೂರು ಮಾಡು. ನಿನಗ ಒಂದ ಬಟನ್ ಕೆಲಸ, ಹೌದಲ್ಲೋ?” ಅಂದರು.

ಬಟನ್ ಕೆಲಸವೇನೋ ಹೌದು. ಆದರೆ ‘ರಿಪ್ಲೇಸ್ ಆಲ್’ ಓದುವುದಿಲ್ಲ, ಅಕ್ಷರ ಹೋಲಿಸುತ್ತದೆ ಅಷ್ಟೆ. ಒತ್ತಿದರೆ ಕರ್ನಾಟಕ ವಿಶ್ವವಿದ್ಯಾಲಯ ಹಾವೇರಿಗೆ ಬರುತ್ತದೆ, ಹಿಂದೆಯೇ ಪೇಡೆಯೂ. ಸರಿ, ಸಾಲಿನಲ್ಲಿ ತಾಲ್ಲೂಕಿನ ಹೆಸರೂ ಇದ್ದರೆ ಮಾತ್ರ ಬದಲಿಸು ಅನ್ನೋಣವೇ? ಗಂಗೂಬಾಯಿ ಹಾನಗಲ್ ಹುಟ್ಟಿದ್ದು 1913ರಲ್ಲಿ, ಧಾರವಾಡದಲ್ಲಿ. ಒಂದೇ ಸಾಲಿನಲ್ಲಿ ಹಾನಗಲ್ಲೂ ಇದೆ, ಧಾರವಾಡವೂ ಇದೆ. ಜಾಣ ನಿಯಮ ಅವರನ್ನು ಹಾವೇರಿಯಲ್ಲಿ ಹುಟ್ಟಿಸುತ್ತದೆ.

ಹಾಗಾಗಿ ಮೊದಲ ದಿನ ಏನನ್ನೂ ಬದಲಿಸಲಿಲ್ಲ. ಇಡೀ ಫೋಲ್ಡರನ್ನು ಕಾಪಿ ಮಾಡಿ, ಮೂಲವನ್ನು ಎತ್ತಿಟ್ಟೆ. ಕಾಪಿಯಲ್ಲಿ ಬರೀ ಹುಡುಕಿದೆ. ಯಾವ ಫೈಲು, ಎಷ್ಟನೇ ಸಾಲು, ಸಾಲಿನಲ್ಲಿ ಏನಿದೆ, ಎಲ್ಲ ಪಟ್ಟಿ.

ಪಟ್ಟಿಯಲ್ಲಿ ಹಿರೇಕೆರೂರು ಯಾಕೋ ಕಡಿಮೆ ಅನ್ನಿಸಿತು. ‘ರೇ’ ಅಕ್ಷರವನ್ನು ಯೂನಿಕೋಡಿನಲ್ಲಿ ಎರಡು ಥರ ಬರೆಯಬಹುದು: ಏತ್ವದ ಒಂದೇ ಚಿಹ್ನೆ ಹಾಕಿ, ಇಲ್ಲವೇ ಎತ್ವ ಹಾಕಿ ಮುಂದೆ ದೀರ್ಘ ಸೇರಿಸಿ. ಕಣ್ಣಿಗೆ ಎರಡೂ ಒಂದೇ, ಹುಡುಕಾಟಕ್ಕೆ ಬೇರೆ ಬೇರೆ. ಹಳೇ ನುಡಿ ಫಾಂಟಿನ ಫೈಲುಗಳ ಕಥೆ ಇನ್ನೊಂದು. ಅವುಗಳ ಒಳಗಿರುವುದು ಇಂಗ್ಲಿಷ್ ಅಕ್ಷರ, ಮೇಲೆ ಕನ್ನಡದ ವೇಷ. ಸೊನ್ನೆ ಬಂದರೆ ‘ಇಲ್ಲ’ ಅಂತಲ್ಲ, ‘ಕಾಣಲಿಲ್ಲ’ ಅಂತ. ಎಲ್ಲವನ್ನೂ ಒಂದೇ ರೂಪಕ್ಕೆ ತಂದು ಮತ್ತೆ ಹುಡುಕಿದೆ.

ಸವಣೂರಿನ ತಕರಾರು ಬೇರೆ. ಕಂಪ್ಯೂಟರಿನ ಲೆಕ್ಕದಲ್ಲಿ ‘ಸವಣೂರಿನ’ ಪದದೊಳಗೂ ‘ಸವಣೂರ’ ಇದೆ. ಮೊದಲು ರ, ಆಮೇಲೆ ಗುಡಿಸು. ಅಲ್ಲಿಗೆ ‘ರು’ ತುರುಕಿದರೆ ಒಂದೇ ಅಕ್ಷರಕ್ಕೆ ಕೊಂಬೂ ಗುಡಿಸೂ ಜೋತುಬೀಳುತ್ತವೆ. ಪೂರ್ತಿ ಪದ ಮಾತ್ರ ಹುಡುಕು ಅಂದರೂ ಕೆಲವು ಸಾಫ್ಟ್‌ವೇರ್ ಕನ್ನಡದ ಸ್ವರಚಿಹ್ನೆಯನ್ನು ಪದದ ಭಾಗ ಅಂತ ಎಣಿಸುವುದಿಲ್ಲ. ಅದಕ್ಕೇ ಮುಂದೆ ಜಾಗವೋ, ಚುಕ್ಕೆಯೋ, ಕಾಮಾವೋ ಇದ್ದರೆ ಮಾತ್ರ ಅಂತ ನಾನೇ ಹೇಳಬೇಕಾಯಿತು.

ಕೊನೆಗೆ ಧಾರವಾಡ ಸಿಕ್ಕಿದ್ದು 640 ಕಡೆ. ಪ್ರಿಂಟ್ ತೆಗೆದು ಮಾವನ ಮುಂದಿಟ್ಟೆ. ಅವರು ಕೆಂಪು ಪೆನ್ ಹಿಡಿದು ಪೇಪರ್ ತಿದ್ದುವ ಹಾಗೆ ಕೂತರು. ವಿ. ಕೃ. ಗೋಕಾಕರು ಸವಣೂರಲ್ಲಿ ಹುಟ್ಟಿದ್ದು 1909ರಲ್ಲಿ. ಆಗ ಸವಣೂರು ನವಾಬರ ಸಂಸ್ಥಾನ. ಅಂದರೆ ಟಿಪ್ಪಣಿಯಲ್ಲಿದ್ದ ‘ಧಾರವಾಡ ಜಿಲ್ಲೆ’ಯೂ ತಪ್ಪು, ನಾನು ಹಾಕಬೇಕಿದ್ದ ಹಾವೇರಿಯೂ ತಪ್ಪು.

ಒಂದು ಸಾಲಿನ ಹತ್ತಿರ ಪೆನ್ನು ನಿಂತಿತು. ಅವರ ಅಣ್ಣನ 1968ರ ಶಾಲೆ ದಾಖಲಾತಿ, ಇದ್ದದ್ದು ಇದ್ದ ಹಾಗೆ ಇಳಿಸಿಕೊಂಡದ್ದು. ತಾಲೂಕ ಹಾನಗಲ್ಲ, ಜಿಲ್ಲಾ ಧಾರವಾಡ. “ಇದನ್ನ ಮುಟ್ಟಬ್ಯಾಡ. ಅಂವ 91ರಾಗ ಹೋದಾ. ಅಂವ ಹಾವೇರಿ ಜಿಲ್ಲಾ ನೋಡೇ ಇಲ್ಲ.”

ಆ ಸಾಲು ಬೇರೆ ವಿಳಾಸಗಳ ಥರಾನೇ ಇತ್ತು, ಒಂದಕ್ಷರ ವ್ಯತ್ಯಾಸವಿಲ್ಲ. ಯಾವ ಪ್ರೋಗ್ರಾಮಿಗೂ ಅದು ಬೇರೆ ಅಂತ ಗೊತ್ತಾಗುತ್ತಿರಲಿಲ್ಲ.

ಮಾವ ಟಿಕ್ ಹಾಕಿದ್ದು 412. ಪ್ರೋಗ್ರಾಮಿಗೆ ಆ ಸಾಲುಗಳ ಪಟ್ಟಿ ಮಾತ್ರ ಕೊಟ್ಟೆ. ಓಡಿಸಿದ ಮೇಲೆ ಹಳತು ಹೊಸತು ಪಕ್ಕಪಕ್ಕ ಇಟ್ಟು ಎಣಿಸಿದೆ. ಬದಲಾದ ಸಾಲು 412, ಒಂದು ಹೆಚ್ಚಲ್ಲ, ಒಂದು ಕಡಿಮೆಯಲ್ಲ. ಆಮೇಲೆ ಸವಣೂರು, ಹಿರೇಕೆರೂರು, ಒಂದೊಂದೇ, ಇದೇ ಕ್ರಮದಲ್ಲಿ.

ಹೊಲದಲ್ಲಿ ಎಡೆ ಹೊಡೆದರೆ ಸಾಲಿನ ನಡುವಿನ ಕಸ ಬೇಗ ಹೋಗುತ್ತದೆ. ಬೆಳೆಯ ಬುಡಕ್ಕೆ ಅಂಟಿಕೊಂಡದ್ದನ್ನು ಮಾತ್ರ ಬಗ್ಗಿ ಕೈಯಲ್ಲೇ ಕೀಳಬೇಕು. ಕುಂಟೆಗೆ ಬೆಳೆ ಯಾವುದು, ಕಸ ಯಾವುದು ಗೊತ್ತಿಲ್ಲ.