ಕಾಮಲತೆಯೂ ಚೆಂಡಾಟವೂ

ಉಪಾಧ್ಯಾಯವೃತ್ತಿಯಿಂದ ನಿವೃತ್ತರಾದ ಮೇಲೆ ನಾವು ಅಮೆರಿಕದ ಉತ್ತರ ಕೆರೊಲಿನಾದಲ್ಲಿರುವ ನಮ್ಮ ತಮ್ಮನ ಮನೆಯಲ್ಲಿ ಎರಡು ವಸಂತಗಳನ್ನು ಕಳೆದು ಬಂದೆವು. ಅಲ್ಲಿ ನಮಗೆ ಹಿಡಿದ ಹುಚ್ಚು ಎರಡು: ಕಾಲೇಜು ಹುಡುಗರ ಬೇಸ್‌ಬಾಲ್ ಆಟ ಒಂದು, ಹಮ್ಮಿಂಗ್‌ಬರ್ಡ್ ಎಂಬ ಹಕ್ಕಿಯನ್ನು ಕರೆಯುವ ಹೂಬಳ್ಳಿಗಳು ಇನ್ನೊಂದು. ಆಯುಷ್ಯವೆಲ್ಲ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿದವರಿಗೆ ಇದೆಂತಹ ವ್ಯಾಸಂಗವೆಂದು ವಾಚಕರು ನಕ್ಕರೆ ನಮಗೆ ಅಸಮಾಧಾನವಿಲ್ಲ.

ಈ ಆಟವು ಫೆಬ್ರುವರಿಯ ಚಳಿಯಲ್ಲಿ ಮೊದಲಾಗುವುದು. ದೊಡ್ಡ ಕಾಲೇಜುಗಳ ಪೈಕಿ ಆಯ್ದ 64 ತಂಡಗಳಲ್ಲಿ ಎಂಟು ಮಾತ್ರ ಜೂನ್ ತಿಂಗಳಲ್ಲಿ ಒಮಾಹಾ ನಗರವನ್ನು ಮುಟ್ಟುವುವು. ವೃತ್ತಿಯ ಆಟಗಾರರದು ಮರದ ದಾಂಡು. ಕಾಲೇಜಿನವರದು ಬಹುಮಟ್ಟಿಗೆ ಲೋಹದ್ದು. ಚೆಂಡು ತಗುಲಿದರೆ ಶಾಲೆಯ ಗಂಟೆಯಂತೆ ಠಣ್ಣೆನ್ನುವುದು. ಆ ಸದ್ದೇ ನಮ್ಮನ್ನು ಸೆಳೆಯಿತೋ ಏನೋ!

ತಮ್ಮನ ಮಗನು ಅಲ್ಲಿಯ ಒಂದು ಸಣ್ಣ ಕಾಲೇಜಿನ ತಂಡದಲ್ಲಿ ಚೆಂಡೆಸೆಯುವವನು. ಕಳೆದ ಏಪ್ರಿಲಿನಲ್ಲಿ ಅವನ ಬಲಮೊಳಕೈಯ ಒಳಗಿನ ಕಟ್ಟು ಹರಿಯಿತು. ಶರೀರದ ಬೇರೆಡೆಯಿಂದ ತೆಗೆದ ನರದಂತಹ ಎಳೆಯನ್ನು ಅಲ್ಲಿ ಕಸಿಮಾಡುವ ಶಸ್ತ್ರಚಿಕಿತ್ಸೆಯೊಂದುಂಟು. 1974ರಲ್ಲಿ ಡಾಕ್ಟರ್ ಫ್ರಾಂಕ್ ಜೋಬ್ ಅವರು ಟಾಮಿ ಜಾನ್ ಎಂಬ ಆಟಗಾರನಿಗೆ ಅದನ್ನು ಮೊದಲು ಮಾಡಿದರು. ಲೋಕವು ವೈದ್ಯನನ್ನು ಬಿಟ್ಟು ರೋಗಿಯ ಹೆಸರಿನಿಂದಲೇ ಅದನ್ನು ಕರೆಯುತ್ತದೆ. ಚಿಕಿತ್ಸೆಯಾದರೂ ವರ್ಷಕ್ಕೆ ಮಿಕ್ಕ ಕಾಲ ಪಂದ್ಯವಿಲ್ಲ. ತಮ್ಮನು, "ಸಾಕು ಈ ಆಟ, ಓದನ್ನು ನೋಡಿಕೊ" ಎಂದ. ಹುಡುಗನು ಉತ್ತರ ಕೊಡಲಿಲ್ಲ. ಅಂದಿನಿಂದ ತಂದೆಯೊಡನೆ ಮಾತನ್ನೇ ಬಿಟ್ಟ. ಊಟದ ಮೇಜಿನಲ್ಲಿ ಇಬ್ಬರೂ ನಮ್ಮೊಡನೆ ಮಾತ್ರ ಮಾತನಾಡುವರು.

ನಾವು ಅವನನ್ನು ಬಳ್ಳಿಯ ಕೆಲಸಕ್ಕೆ ಕರೆದೆವು. ಹಿಂದಿನ ಸಲ ನೆಟ್ಟಿದ್ದ ಕೆಂಪು ಹನಿಸಕಲ್ ಬೇಲಿಯ ಮೇಲೆ ಹೂಬಿಟ್ಟಿತ್ತು. ಅಂಗಡಿಯಿಂದ ಸೈಪ್ರೆಸ್ ಬಳ್ಳಿಯ ಬೀಜ ತಂದು, ರಾತ್ರಿ ನೀರಿನಲ್ಲಿ ನೆನೆಸಿ, ಮೇ ತಿಂಗಳಲ್ಲಿ ಊರಿದೆವು. ಎಡಗೈಯಿಂದಲೇ ಅವನು ನೀರೆರೆದ. ಗರಿಯಂತಹ ಎಲೆ ಬಿಟ್ಟಾಗ ನೋಡುತ್ತೇವೆ, ನಮ್ಮೂರ ಬೇಲಿಯ ಕಾಮಲತೆ! ಸಂಸ್ಕೃತದ ಹೆಸರು ಹೊತ್ತಿದ್ದರೂ ಅದರ ತವರು ಅಮೆರಿಕದ ಉಷ್ಣಪ್ರದೇಶವೇ.

ಹಕ್ಕಿಯ ತೂಕ ಮೂರು ಗ್ರಾಮಿನಷ್ಟು. ನಮ್ಮ ಸೂರಕ್ಕಿಯು ಸಾಮಾನ್ಯವಾಗಿ ಕೊಂಬೆಯ ಮೇಲೆ ಕುಳಿತು ಮಧುವನ್ನು ಹೀರಿದರೆ, ಇದು ಕ್ಷಣಕ್ಕೆ ಐವತ್ತು ಸಲದಂತೆ ರೆಕ್ಕೆ ಬಡಿಯುತ್ತ ಆಕಾಶದಲ್ಲಿಯೇ ನಿಂತು ಹೀರುವುದು, ಹಿಮ್ಮುಖವಾಗಿಯೂ ಹಾರಬಲ್ಲುದು. ಮಧುಪವೆಂಬ ಹೆಸರನ್ನು ನಮ್ಮ ಕವಿಗಳು ದುಂಬಿಗೆ ಕೊಟ್ಟು ಮುಗಿಸಿದ್ದಾರೆ. ಇದಕ್ಕೆ ಬೇರೊಂದನ್ನು ಹುಡುಕಬೇಕು. ಶರತ್ಕಾಲದಲ್ಲಿ ಮೈತೂಕವನ್ನು ಹೆಚ್ಚುಕಡಿಮೆ ಇಮ್ಮಡಿ ಮಾಡಿಕೊಂಡು, ಅನೇಕವು ಮೆಕ್ಸಿಕೋ ಕೊಲ್ಲಿಯ 800 ಕಿಲೋಮೀಟರುಗಳನ್ನು ನಡುವೆ ಎಲ್ಲಿಯೂ ಇಳಿಯದೆ ದಾಟುವುವಂತೆ. ಇದನ್ನು ಹೇಳಿದಾಗ ಹುಡುಗನು ತನ್ನ ಮೊಳಕೈಯ ಗಾಯದ ಗೆರೆಯನ್ನು ಸವರುತ್ತ, "ಅಷ್ಟು ಸಣ್ಣದೇ, ದೊಡ್ಡಪ್ಪ?" ಎಂದ.

ಕಾಮಲತೆ ಹೂಬಿಡತೊಡಗುವ ಹೊತ್ತಿಗೆ, ಜುಲೈ ತಿಂಗಳಲ್ಲಿ, ನಾವು ಹೊರಟು ಬರಬೇಕಾಯಿತು. ಅಕ್ಟೋಬರಿನಲ್ಲಿ ಹಕ್ಕಿಗಳು ಹೋದುವೆಂದೂ, ವೈದ್ಯರು 45 ಅಡಿಯಿಂದ ಮೆಲ್ಲನೆ ಎಸೆಯಲು ಬಿಟ್ಟರೆಂದೂ ಅವನು ಬರೆದ. ಡಿಸೆಂಬರಿನ ರಜೆಯಲ್ಲಿ ಮನೆಯಲ್ಲಿ ಹಿಡಿಯುವವರಾರು? ಬೇಲಿಗೆ ಎಸೆದು ಎಸೆದು ತಾನೇ ಆಯ್ದುಕೊಳ್ಳುತ್ತಿದ್ದನಂತೆ. ಮೂರನೆಯ ದಿನ ತಮ್ಮನು ಕಚೇರಿಯ ಉಡುಪಿನಲ್ಲಿಯೇ ಹಿತ್ತಲಿಗೆ ಬಂದು, ಏನೂ ಹೇಳದೆ, ಮಗನ ಹಳೆಯ ಚರ್ಮದ ಕೈಚೀಲವನ್ನು ತೊಟ್ಟು ಒಣಗಿದ ಬಳ್ಳಿಯ ಮುಂದೆ ನಿಂತನಂತೆ. ತಮ್ಮನ ಹೆಂಡತಿ ಕಿಟಕಿಯಿಂದ ಚಿತ್ರ ತೆಗೆದು ಕಳುಹಿಸಿದ್ದಾಳೆ. ಚೆಂಡು ಇನ್ನೂ ನಡುದಾರಿಯಲ್ಲಿದೆ.