ಯಾವ ಇಸವಿಯ ಗಾಡಿ?

ಬೆಲೆಬಾಳುವ ಕಾರನ್ನು ಕೊಳ್ಳಲಾರದವನಿಗೆ ಅದನ್ನು ಪರೀಕ್ಷಿಸುವ ಸುಖ ದುಪ್ಪಟ್ಟು. ಕೊಳ್ಳುವವನ ಕಣ್ಣು ಬಣ್ಣದಲ್ಲಿ, ಸೀಟಿನ ಚರ್ಮದಲ್ಲಿ, ಬಾನೆಟ್ಟಿನ ಮೇಲಿನ ನಕ್ಷತ್ರದಲ್ಲಿ ಸಿಕ್ಕಿಬಿದ್ದಿರುತ್ತದೆ. ಜೊತೆಗೆ ಹೋದವನಿಗೆ ಅಂಥ ಮೋಹವಿಲ್ಲ. ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಬೆಲ್ಲದ ಅಡತಿ ಅಂಗಡಿಯ ಲೆಕ್ಕ ಬರೆಯುವ ನನಗೆ ಈ ಜೊತೆಗೆ ಹೋಗುವ ಉದ್ಯೋಗ ಯಾವಾಗ ಗಂಟುಬಿತ್ತೋ ಗೊತ್ತಿಲ್ಲ. ಸಂಬಳವಿಲ್ಲ, ದಲಾಲಿಯಿಲ್ಲ, ಒಂದು ಕಟಿಂಗ್ ಚಹಾ, ಹೆಚ್ಚೆಂದರೆ ಒಂದು ಪ್ಲೇಟು ಮಿಸಳ್.

ಯಾರ್ಡಿನ ವ್ಯಾಪಾರಿಗಳಲ್ಲಿ ಬಹಳ ಮಂದಿಯ ಮನೆ ಇಲ್ಲೇ ಮುಕುಂದನಗರ, ಸ್ಯಾಲಿಸ್‌ಬರಿ ಪಾರ್ಕು, ಬಿಬವೇವಾಡಿಯ ಆಸುಪಾಸು. ಹಗಲೆಲ್ಲ ಗೋಣಿಚೀಲದ ಧೂಳಿನಲ್ಲಿ ಗಾದಿಯ ಮೇಲೆ ಕೂತವರು ಮದುವೆ ಮುಂಜಿಗೆ ಹೊರಟಾಗ ಮಾತ್ರ ಮರ್ಸಿಡಿಸ್ಸೇ ಬೇಕು. ಆದರೆ ಹೊಸದನ್ನು ಕೊಳ್ಳುವುದು ಅವರ ರಕ್ತದಲ್ಲಿಲ್ಲ. ಷೋರೂಮಿನಿಂದ ಹೊರಬಿದ್ದ ಕೂಡಲೇ ಬೆಲೆ ಇಳಿಯುವ ಮಾಲನ್ನು ಯಾವ ದಲಾಲನು ಪೂರ್ತಿ ದರಕ್ಕೆ ಎತ್ತುತ್ತಾನೆ? ಹಾಗಾಗಿ ಎರಡನೇ ಕೈ, ಮೂರನೇ ಕೈ ಗಾಡಿ. ಅದನ್ನು ನೋಡಲು ಹೊರಡುವ ಮುನ್ನ ನಮ್ಮ ಸಾವ್ಕಾರ್ರು ನನ್ನ ಕಡೆ ತಿರುಗುತ್ತಾರೆ: "ದಿವಾಣಜಿ, ನೀವೂ ಬರ್ರಿ. ಇಸವಿ ನೋಡೋದು ನಿಮ್ಮ ಕೆಲಸ."

ಇಸವಿ ಕೇಳುವುದು ಈ ಯಾರ್ಡಿಗೆ ಹೊಸದಲ್ಲ. ಧಾನ್ಯದ ಭುಸಾರ ವಿಭಾಗದಲ್ಲಿ ಅಕ್ಕಿ ಕೊಳ್ಳುವವರು ಮೊದಲು ಕೇಳುವುದೇ ಹೊಸದೋ ಹಳೆಯದೋ ಎಂದು. ಈ ವರ್ಷದ ಅಕ್ಕಿ ಬೆಂದರೆ ಮುದ್ದೆ, ವರ್ಷ ದಾಟಿದ್ದು ಉದುರುದುರು. ಅದಕ್ಕೇ ಹಳೆಯದಕ್ಕೆ ಹೆಚ್ಚು ದರ. ಕಾರಿನಲ್ಲೂ ಇಂಥದೇ ಒಂದು ನಿಯಮವಿದೆ ಎಂದರೆ ಮಾತ್ರ ಇದೇ ವ್ಯಾಪಾರಿಗಳು ನಂಬುವುದಿಲ್ಲ. ಒಂದು ಮಾದರಿ ಮಾರುಕಟ್ಟೆಗೆ ಬಂದ ಮೊದಲ ವರ್ಷದ ಗಾಡಿಯನ್ನು ಬಿಡಬೇಕು, ಅದು ನಿಲ್ಲುವ ಹೊತ್ತಿನ ಗಾಡಿಯನ್ನು ಹುಡುಕಬೇಕು. ಏಳೆಂಟು ವರ್ಷ ಗಿರಾಕಿಗಳ ಬೈಗುಳ ತಿಂದು ಕಂಪನಿ ತಿದ್ದಿದ್ದೆಲ್ಲ ಆ ಕೊನೆಯ ಗಾಡಿಗಳಲ್ಲಿ ಇರುತ್ತದೆ. ಅವರಿಗೆ ಕಾಣುವುದು ಬೇರೆ: ಹೊಸ ಮುಖದ ಗಾಡಿ ಬಂದ ಮೇಲೆ ಹಳೆ ಮುಖದ್ದು ಹಳೆಯದೇ.

ನನ್ನ ನಿಯಮಕ್ಕೆ ಸಾಕ್ಷಿ ಈ ಊರಿನದೇ. ಮರ್ಸಿಡಿಸ್ ಬೆನ್ಝ್ ಭಾರತದಲ್ಲಿ ಕಂಪನಿ ತೆರೆದದ್ದು 1994ರಲ್ಲಿ. ಮರುವರ್ಷ ಟೆಲ್ಕೋದ ಪುಣೆ ಕಾರ್ಖಾನೆಯೊಳಗೆ ಜೋಡಣೆ ಶುರುವಾಯಿತು. (ಚಾಕಣದ ಸ್ವಂತ ಕಾರ್ಖಾನೆ 2009ರಲ್ಲಿ ಬಂತು.) ಇಲ್ಲಿ ಮೊದಲು ಜೋಡಿಸಿದ ಇ-ಕ್ಲಾಸು ಬಲ್ಲವರ ಬಾಯಲ್ಲಿ ಡಬ್ಲ್ಯು 124. ಜರ್ಮನಿಯಲ್ಲಿ ಅದು ಹುಟ್ಟಿದ್ದು 1984ರ ಕೊನೆಗೆ. ಅಲ್ಲಿ ಅದರ ಸೆಡಾನ್ 1995ರಲ್ಲಿ ನಿಂತು, ನಾಲ್ಕು ದುಂಡು ದೀಪದ ಡಬ್ಲ್ಯು 210 ಬಂತು. ಅಲ್ಲಿ ಮುಗಿದ ವರ್ಷವೇ ಇಲ್ಲಿ ಮೊದಲ ವರ್ಷ. ಜರ್ಮನಿಯ ಹಳೆ ಮಾಲನ್ನು ನಮ್ಮ ತಲೆಗೆ ಕಟ್ಟಿದರು ಎಂದು ಆಗ ಗೊಣಗಿದವರಿದ್ದರು. ನನ್ನ ಲೆಕ್ಕದಲ್ಲಿ ಅದು ಹತ್ತು ವರ್ಷ ಪಳಗಿದ ಗಾಡಿ. ಅದರ ಬೆನ್ನಿಗೆ ಬಂದ 210 ಯುರೋಪಿನಲ್ಲಿ ತುಕ್ಕಿಗೆ ಹೆಸರಾಯಿತು.

ಆದರೆ ನಿಯಮ ನಿಯಮವೇ, ಅದಕ್ಕೆ ತೂತುಗಳಿವೆ. ಈ ಕಸುಬಿನ ರುಚಿ ಇರುವುದೂ ಆ ತೂತುಗಳಲ್ಲಿ. 124ರ ಕೊನೆಯ ಮೂರ್ನಾಲ್ಕು ವರ್ಷಗಳ ಕೆಲವು ಪೆಟ್ರೋಲ್ ಎಂಜಿನ್‌ಗಳಲ್ಲಿ, ಪರಿಸರಕ್ಕೆ ಒಳ್ಳೆಯದೆಂದು ವೈರಿಂಗಿನ ಹೊದಿಕೆಗೆ ಬೇಗ ಕೊಳೆಯುವ ವಸ್ತು ಬಳಸಿದ್ದರು. ಅದು ಕೊಳೆಯಲು ತಿಪ್ಪೆಯ ತನಕ ಕಾಯಲಿಲ್ಲ; ಬಾನೆಟ್ಟಿನ ಕೆಳಗಿನ ಬಿಸಿಗೇ ಬಿಸ್ಕತ್ತು ಮುರಿದಂತೆ ಉದುರಿತು. ಹೀಗಾಗಿ ಕೊನೆಯ ವರ್ಷ ಎಂದು ಕಣ್ಣುಮುಚ್ಚಿ ಕೊಳ್ಳುವಂತಿಲ್ಲ. 'ಕೊನೆಯ ವರ್ಷ, ವೈರಿಂಗ್ ಬದಲಾಗಿದೆ' ಎನ್ನುವ ಬಿಲ್ಲು ಕಂಡರೆ ಮಾತ್ರ ನನ್ನ ಮುಖ ಅರಳುತ್ತದೆ.

ಇಸವಿಯ ಆಟ ತಿಳಿಯಬೇಕಾದರೆ ಡಬ್ಲ್ಯು 211ನ್ನು ನೋಡಬೇಕು. 2002ರಿಂದ 2009ರ ತನಕ ನಡೆದ ಈ ಇ-ಕ್ಲಾಸಿನಷ್ಟು ಚಂದದ ಸೆಡಾನ್ ಆಮೇಲೆ ಬಂದಿಲ್ಲವೆಂದು ನನ್ನ ಹಟ. ಮೊದಲ ನಾಲ್ಕು ವರ್ಷ ಇದಕ್ಕೆ ವಿದ್ಯುತ್ತಿನಿಂದ ನಡೆಯುವ ಬ್ರೇಕು ಕೊಟ್ಟಿದ್ದರು, ಹೆಸರು ಸೆನ್ಸೊಟ್ರಾನಿಕ್. ಕಾಲು ಪೆಡಲನ್ನು ಒತ್ತಿದರೆ ಸುದ್ದಿ ಕಂಪ್ಯೂಟರಿಗೆ ಹೋಗಿ, ಪಂಪು ಕಟ್ಟಿಟ್ಟ ಒತ್ತಡದಿಂದ ಚಕ್ರ ಹಿಡಿಯುತ್ತದೆ. ಹಿಡಿತ ಅದ್ಭುತ. ಆದರೆ 2004ರಲ್ಲಿ ಇದೇ ಬ್ರೇಕಿಗಾಗಿ ಕಂಪನಿ 6,80,000 ಗಾಡಿಗಳನ್ನು ವಾಪಸು ಕರೆಸಿತು. 2005ರಲ್ಲಿ ಬ್ರೇಕು, ಬ್ಯಾಟರಿ ಮುಂತಾದ ವಿದ್ಯುತ್ ಕೆಲಸಕ್ಕೆಂದು ಮತ್ತೆ 13 ಲಕ್ಷ. 2006ರಲ್ಲಿ ಮುಖ ತಿದ್ದಿದಾಗ ಆ ಬ್ರೇಕನ್ನೇ ಕೈಬಿಟ್ಟು ಹಳೆಯ ಪದ್ಧತಿಗೆ ಮರಳಿದರು. ನನಗೆ ಬಲು ಇಷ್ಟವಾದ ಸಂಗತಿ ಇದರೊಳಗೇ ಇದೆ: ಆ ಬ್ರೇಕಿನ ಪೆಟ್ಟಿಗೆ ಒತ್ತಿದ ಒತ್ತೊತ್ತನ್ನೂ ಬರೆದಿಡುತ್ತದೆ, ಸುಮಾರು 3 ಲಕ್ಷ ತುಂಬಿದರೆ ಎಚ್ಚರಿಕೆ ಕೊಡುತ್ತದೆ. ಕಿಲೋಮೀಟರ್ ಮೀಟರನ್ನು ಹಿಂದೆ ತಿರುಗಿಸಿದ ಏಜೆಂಟನಿಗೆ ಈ ಇನ್ನೊಂದು ಖಾತೆ ನೆನಪಿರುವುದಿಲ್ಲ. ಮೀಟರು 60 ಸಾವಿರ ಎನ್ನುತ್ತಿರುವಾಗ ಸ್ಕ್ಯಾನರಿನಲ್ಲಿ ಬ್ರೇಕಿನ ಲೆಕ್ಕ ಎರಡೂವರೆ ಲಕ್ಷ ತೋರಿಸಿದರೆ, ಬೇರೆ ಸಾಕ್ಷಿ ಬೇಡ. ಲೆಕ್ಕ ಬರೆಯುವವನಿಗೆ ಇದಕ್ಕಿಂತ ಹಬ್ಬ ಯಾವುದು?

ಇದೇ ಅವಧಿಯ ವಿ-6 ಪೆಟ್ರೋಲ್ ಎಂಜಿನ್ನಿಗೂ ಒಂದು ಶಾಪ ಇತ್ತು. 2004ರಿಂದ ಎರಡು ಮೂರು ವರ್ಷ ಬಂದ ಎಂಜಿನ್‌ಗಳಲ್ಲಿ ಬ್ಯಾಲೆನ್ಸ್ ಷಾಫ್ಟಿನ ಗಿಯರಿನ ಹಲ್ಲು ಸವೆಯುತ್ತಿತ್ತು. ಗಿಯರು ಚಿಕ್ಕದು, ಆದರೆ ಅದನ್ನು ಬದಲಿಸಲು ಎಂಜಿನ್ ಪೂರಾ ಕೆಳಗಿಳಿಸಬೇಕು. ಬಿಎಂಡಬ್ಲ್ಯುವಿನ ನಾಲ್ಕು ಸಿಲಿಂಡರ್ ಡೀಸೆಲ್ಲಿನದೂ ಇದೇ ಗೋಳು: 2007ರಲ್ಲಿ ಬಂದ ಎನ್ 47 ಎಂಜಿನ್ನಿನ ಟೈಮಿಂಗ್ ಚೈನು ಹಿಂಭಾಗದಲ್ಲಿ, ಗಿಯರ್ ಬಾಕ್ಸಿನ ಮಗ್ಗುಲಲ್ಲಿ ಅಡಗಿದೆ. ಮೊದಲ ವರ್ಷಗಳ ಗಾಡಿಗಳಲ್ಲಿ ಆ ಚೈನು ಸಡಿಲವಾಗಿ ತುಂಡಾಗಿದ್ದುಂಟು. 2014ರಿಂದ ಅದರ ಜಾಗಕ್ಕೆ ಬಿ 47 ಬಂತು. ಹೊರಗಿನ ಮೈ ಅದೇ, ಬೆನ್ನಿನ ಮೇಲಿನ 520ಡಿ ಬರಹವೂ ಅದೇ, ಒಳಗಿನ ಗುಂಡಿಗೆ ಬೇರೆ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಕೀ ತಿರುಗಿಸಿ, ಹಿಂದಿನ ಕಡೆಯಿಂದ ಕರಕರ ಸದ್ದು ಬರುತ್ತದೆಯೇ ಎಂದು ಕಿವಿಗೊಡಬೇಕು. ಮಾರುವವನು ನಾವು ಹೋಗುವ ಮೊದಲೇ ಗಾಡಿಯನ್ನು ಬಿಸಿ ಮಾಡಿಟ್ಟಿದ್ದರೆ ಬಾನೆಟ್ಟಿನ ಮೇಲೆ ಅಂಗೈಯಿಟ್ಟರೆ ಗೊತ್ತಾಗುತ್ತದೆ. ನಾನು ಅಂಗೈಯಿಟ್ಟ ಮೇಲೆ ಸಾವ್ಕಾರ್ರಿಗೆ ಹೇಳುವುದು ಒಂದೇ ಮಾತು: "ನಾಳೆ ಬರೋಣು ನಡೀರಿ."

ಇಷ್ಟೆಲ್ಲ ಓದಿಕೊಂಡರೂ ಅದನ್ನು ನಮ್ಮ ಕಾಗದಕ್ಕೆ ಹೊಂದಿಸುವುದು ಬೇರೆಯೇ ವಿದ್ಯೆ. ಅಮೆರಿಕದವರು '2007ರ ಮಾದರಿ' ಎಂದು ಹೊಗಳಿದ್ದು 2006ರ ಬೇಸಿಗೆ ಕಳೆದ ಮೇಲೆ ತಯಾರಾದ ಗಾಡಿಯೂ ಆಗಿರಬಹುದು. ಅಲ್ಲಿನ ಮಾದರಿ ವರ್ಷ ಪಂಚಾಂಗಕ್ಕಿಂತ ಮುಂದೆ ಓಡುತ್ತದೆ. ನಮ್ಮ ಆರ್‌ಸಿ ಪುಸ್ತಕದಲ್ಲಿ ಬರೆದಿರುವುದು ತಯಾರಾದ ತಿಂಗಳು, ಇಸವಿ. ನೋಂದಣಿಯ ತಾರೀಖು ಬೇರೆ. ಡಿಸೆಂಬರಿನ ಗಾಡಿ ಗೋದಾಮಿನಲ್ಲಿ ನಿಂತು ಮಾರ್ಚಿನಲ್ಲಿ ಮಾರಾಟವಾದರೆ ಮಾರುವವನು ನೋಂದಣಿಯ ವರ್ಷ ಹೇಳುತ್ತಾನೆ, ಕೊಳ್ಳುವವನು ತಯಾರಾದ ವರ್ಷ ಹಿಡಿಯುತ್ತಾನೆ. ಚಾಸಿ ನಂಬರಿನ ಹತ್ತನೆಯ ಅಕ್ಷರದಲ್ಲಿ ವರ್ಷ ಅಡಗಿದೆ ಎಂದು ಕಲಿತವರು ಬೀಗುವುದುಂಟು: 9 ಬಂದರೆ 2009, ಎ ಬಂದರೆ 2010. ಅದು ಅಮೆರಿಕದಲ್ಲಿ ಕಡ್ಡಾಯ. ಯುರೋಪಿನ ಕೆಲವು ಕಂಪನಿಗಳು ಆ ಜಾಗದಲ್ಲಿ ಬೇರೆ ಏನನ್ನಾದರೂ ಬರೆಯುತ್ತವೆ. ನಂಬಿದರೆ ಮೋಸ.

ಅದಕ್ಕೇ ನಾನು ಕಾಗದವನ್ನು ಕೊನೆಗೆ ಓದುತ್ತೇನೆ, ಮೊದಲು ಗಾಡಿಯನ್ನು. ಸೀಟ್ ಬೆಲ್ಟನ್ನು ಬುಡದ ತನಕ ಎಳೆದರೆ ಹೊಲಿದ ಚೀಟಿಯಲ್ಲಿ ತಾರೀಖು ಸಿಗುತ್ತದೆ. ಪ್ರತಿ ಗಾಜಿನ ಮೂಲೆಯಲ್ಲೂ ಮುದ್ರೆಯ ಕೆಳಗೆ ವರ್ಷದ ಕೊನೆಯ ಅಂಕಿ, ತಿಂಗಳಿಗಾಗಿ ಚುಕ್ಕೆಗಳು. ಉಳಿದ ಗಾಜೆಲ್ಲ 4 ಎನ್ನುತ್ತಿರುವಾಗ ಎಡಗಡೆಯ ಹಿಂದಿನ ಬಾಗಿಲಿನದು ಮಾತ್ರ 8 ಎಂದರೆ, ಆ ಬಾಗಿಲಿಗೆ ಒಂದು ಕತೆಯಿದೆ. ಟೈರಿನ ಮಗ್ಗುಲಲ್ಲಿ ನಾಲ್ಕು ಅಂಕಿ: 3214 ಎಂದರೆ 2014ರ ಮೂವತ್ತೆರಡನೇ ವಾರ. 20 ಸಾವಿರ ಕಿಲೋಮೀಟರ್ ಮಾತ್ರ ಓಡಿದೆ ಎನ್ನುವ ಗಾಡಿಗೆ ಎರಡನೇ ಜೋಡಿ ಟೈರು ಯಾಕೆ ಬಂತು? ಈ ಪ್ರಶ್ನೆಯನ್ನು ನಾನು ಎಂದೂ ಗಟ್ಟಿಯಾಗಿ ಕೇಳುವುದಿಲ್ಲ. ಬಗ್ಗಿ ಓದಿ, ಎದ್ದು, ಮಾರುವವನ ಮುಖ ನೋಡುತ್ತೇನೆ. ಅವನೇ ಮಾತಾಡಲು ಶುರುಮಾಡುತ್ತಾನೆ.

ಪುಣೆಯ ಗಾಡಿಗಳಲ್ಲಿ ಇನ್ನೊಂದು ಇಸವಿಯನ್ನೂ ಹುಡುಕಬೇಕು. 2019ರ ಸೆಪ್ಟೆಂಬರ್ 25ರ ರಾತ್ರಿ ಆಂಬಿಲ್ ಓಢಾ ಎಂಬ ಹಳ್ಳ ಉಕ್ಕಿತು. ಯಾರ್ಡಿಗೆ ತುಸು ದೂರದ ಅರಣ್ಯೇಶ್ವರ, ಸಹಕಾರನಗರದ ಕಡೆ ನೀರು ನುಗ್ಗಿ ಜೀವಗಳು ಹೋದವು, ಕಾರುಗಳು ತೇಲಿ ಒಂದರ ಮೇಲೊಂದು ಬಿದ್ದವು. ಆ ನೀರು ಕುಡಿದ ಗಾಡಿಗಳೆಲ್ಲ ಗುಜರಿಗೆ ಹೋದವೆಂದು ನಂಬುವುದು ಕಷ್ಟ. ಇಂಥ ಸೆಡಾನುಗಳ ಎಲೆಕ್ಟ್ರಾನಿಕ್ ಪೆಟ್ಟಿಗೆಗಳು ಕಾರ್ಪೆಟ್ಟಿನ ಕೆಳಗೆ, ಡಿಕ್ಕಿಯ ಗೂಡುಗಳಲ್ಲಿ ಇರುತ್ತವೆ. ಒಂದು ಮೊಣಕಾಲು ನೀರು ಸಾಕು. 2019ಕ್ಕಿಂತ ಹಿಂದಿನ ಪುಣೆ ನಂಬರಿನ ಗಾಡಿ ಕಂಡರೆ ಸ್ಟೆಪ್ನಿ ಎತ್ತಿ ಅದರ ಗುಂಡಿಯ ಅಂಚನ್ನು ಬೆರಳಲ್ಲಿ ಸವರುತ್ತೇನೆ. ಸಣ್ಣ ಕೆಂಪು ಮಣ್ಣು ಉಗುರಿಗೆ ಬಂದರೆ ಆ ದಿನದ ಚಹಾ ನಾನೇ ಕೊಡಿಸುತ್ತೇನೆ.

ದಿಲ್ಲಿಯಿಂದ ಬರುವ ಅಗ್ಗದ ಡೀಸೆಲ್ ಸೆಡಾನುಗಳದ್ದು ಬೇರೆಯೇ ಲೆಕ್ಕ. ರಾಜಧಾನಿ ವಲಯದಲ್ಲಿ 10 ವರ್ಷ ದಾಟಿದ ಡೀಸೆಲ್ ಓಡಬಾರದೆಂದು ಹಸಿರು ನ್ಯಾಯಮಂಡಳಿ 2015ರಲ್ಲಿ ಹೇಳಿತು, ಸುಪ್ರೀಂ ಕೋರ್ಟು 2018ರಲ್ಲಿ ಅದನ್ನು ಎತ್ತಿಹಿಡಿಯಿತು. 2025ರಲ್ಲಿ ಅದು ಸಡಿಲಾಗುವ ತನಕ, ಅಲ್ಲಿ ಆಯುಷ್ಯ ಮುಗಿಯಬಂದ ಗಾಡಿಗೆ ಬೇರೆ ರಾಜ್ಯದಲ್ಲಿ ಇನ್ನೂ ಐದು ವರ್ಷದ ಬಾಳುವೆ ಇತ್ತು. ಎನ್‌ಒಸಿ, ಇಲ್ಲಿನ ತೆರಿಗೆ, ಹೊಸ ನಂಬರು ಎಲ್ಲ ಕೂಡಿಸಿದ ಮೇಲೆ ಅಗ್ಗ ಅಷ್ಟೇನೂ ಅಗ್ಗವಲ್ಲ. ಹಾಗೆಂದರೆ ಸಾವ್ಕಾರ್ರು ಒಪ್ಪುತ್ತಾರೆಯೇ? ದರ ಇಳಿದ ಮಾಲನ್ನು ಬಿಡುವುದು ಅವರಿಗೆ ಏಕಾದಶಿಯ ಉಪವಾಸಕ್ಕಿಂತ ಕಠಿಣ.

ಕಳೆದ ದೀಪಾವಳಿಗೆ ಮುಂಚೆ ನನ್ನ ಮನಸ್ಸಿಗೆ ಪೂರ್ತಿ ಒಪ್ಪಿದ ಗಾಡಿಯೊಂದು ಸಿಕ್ಕಿತು. ಡಬ್ಲ್ಯು 212ರ ಇ-ಕ್ಲಾಸ್, ತಯಾರಾದದ್ದು 2016ರ ಕೊನೆಗೆ, ನೋಂದಣಿ 2017. ಅದೇ ವರ್ಷ ಫೆಬ್ರವರಿಯಲ್ಲಿ ಹಿಂದಿನ ಸೀಟಿಗೆ ಜಾಗ ಹೆಚ್ಚಿದ ಹೊಸ ಇ-ಕ್ಲಾಸು ನಮ್ಮಲ್ಲಿ ಬಿಡುಗಡೆಯಾಗಿತ್ತು, ಹಾಗಾಗಿ ಇದನ್ನು ಯಾರೂ ಮೂಸುತ್ತಿರಲಿಲ್ಲ. ಈ ಪೀಳಿಗೆಯ ಮೊದಲ ಡೀಸೆಲ್‌ಗಳಲ್ಲಿ, 2009ರಿಂದ 2011ರ ತನಕ, ಇಂಜೆಕ್ಟರು ಕೈಕೊಡುತ್ತಿದ್ದವು. ಆಮೇಲೆ ಕಂಪನಿ ಬಗೆಯನ್ನೇ ಬದಲಿಸಿತು. ಇದು ಅದೆಲ್ಲ ಮುಗಿದ ಮೇಲಿನದು. ಗಾಜಿನ ಅಂಕಿಗಳೆಲ್ಲ ಒಂದೇ. ಬೆಲ್ಟಿನ ಚೀಟಿ, ಆರ್‌ಸಿ, ಸರ್ವಿಸ್ ಬಿಲ್ಲು ಒಂದಕ್ಕೊಂದು ತಾಳೆ. ಸ್ಟೆಪ್ನಿಯ ಗುಂಡಿ ತೊಳೆದ ತಟ್ಟೆ. ನಾನು ಸಾವ್ಕಾರ್ರಿಗೆ ತಲೆಯಾಡಿಸಿದೆ.

ಸಾವ್ಕಾರ್ರ ಮನೆಯ ಅಕ್ಕಾವ್ರು ಹಿಂದಿನ ಸೀಟಿನಲ್ಲಿ ಕೂತರು. ಏಳಲು ಹೋದರು, ಆಗಲಿಲ್ಲ. ಬಾಗಿಲ ಚೌಕಟ್ಟು ಹಿಡಿದು, ಮಗನ ಭುಜ ಹಿಡಿದು ಹೊರಬಂದವರು, "ಇಷ್ಟ ಕೆಳಗ ಕುಂತು ಏಳಾಕ ನನ್ನ ಮೊಣಕಾಲೇನು 2016ರ ಮಾಡೆಲ್ ಅಲ್ಲ" ಎಂದರು. ಸೆಡಾನುಗಳ ದರ ಇಷ್ಟು ಬೀಳಲು ಇದೂ ಒಂದು ಕಾರಣ: ಎಲ್ಲರಿಗೂ ಎತ್ತರದ ಗಾಡಿ ಬೇಕು. ಆ ವಾರವೇ ಸಾವ್ಕಾರ್ರು ಒಂದು ಎಸ್‌ಯುವಿಗೆ ಮುಂಗಡ ಕೊಟ್ಟು ಬಂದು, ಗಾದಿಯ ಮೇಲೆ ಕೂತು ನನಗೆ ಫೋಟೋ ತೋರಿಸಿದರು. ಆ ಮಾದರಿ ಬಂದ ಮೊಟ್ಟಮೊದಲ ವರ್ಷದ್ದು.

"ಹೆಂಗೈತ್ರಿ, ದಿವಾಣಜಿ?"

"ಬಣ್ಣ ಭಾಳ ಛಲೋ ಐತ್ರಿ, ಸಾವ್ಕಾರ್ರ" ಎಂದು, ಮಹಾಲಿಂಗಪುರದ ಬೆಲ್ಲದ ಲಾರಿ ಬಂದಿದ್ದರಿಂದ, ಆವಕದ ಪುಸ್ತಕ ತೆಗೆದೆ.