ಕಳೆದಾಗ ಸಿಕ್ಕಿದ ಇಪ್ಪತ್ತಮೂರು

ಮೇಷ್ಟರಾಗಿ ನನಗದು ಎರಡನೆಯ ವರ್ಷ. ಪುಸ್ತಕದಲ್ಲಿರುವ ಲೆಕ್ಕವನ್ನೇ ಪರೀಕ್ಷೆಗೆ ಕೊಡುವುದು ನನ್ನ ಘನತೆಗೆ ಕಡಿಮೆ ಅನ್ನಿಸುತ್ತಿದ್ದ ಕಾಲ. ಎಂಟನೆಯ ತರಗತಿಯ ಕಿರುಪರೀಕ್ಷೆಗೆ ನಾನೇ ಒಂದು ಪ್ರಶ್ನೆ ಹೊಸೆದೆ: 299/391 ಎಂಬ ಭಿನ್ನರಾಶಿಯನ್ನು ಸಂಕ್ಷೇಪಿಸಬಹುದೇ? ಮೂರು ಅಂಕ. ಬರೆದಿಟ್ಟುಕೊಂಡ ಉತ್ತರ: ಆಗದು, ಮ.ಸಾ.ಅ. (ಮಹತ್ತಮ ಸಾಮಾನ್ಯ ಅಪವರ್ತನ) 1.

391ನ್ನು 2, 3, 5, 7, 11, 13ರಿಂದ ಭಾಗಿಸಿ ನೋಡಿದ್ದೆ. ಯಾವುದರಿಂದಲೂ ಹೋಗಲಿಲ್ಲ. 'ಅವಿಭಾಜ್ಯ' ಎಂದು ಗೀಚಿ ಟೀ ಕುಡಿಯಲು ಎದ್ದೆ. 20ರ ವರ್ಗ 400, ಹಾಗಾಗಿ 19ರವರೆಗೂ ನೋಡಲೇಬೇಕು ಎಂದು ಮಕ್ಕಳಿಗೆ ಗಂಟಲು ಹರಿದುಕೊಂಡು ಹೇಳಿದ್ದವನೂ ನಾನೇ. ಮುಂದಿನ ಮನೆಯ ಬಾಗಿಲು, 17, ತಟ್ಟಲಿಲ್ಲ ಅಷ್ಟೇ.

ತಿದ್ದುವಾಗ ಒಬ್ಬ ಹುಡುಗನ ಹಾಳೆಯಲ್ಲಿ 13/17 ಎಂದಿತ್ತು. ಪಕ್ಕದಲ್ಲಿ ಮೂರು ಸಾಲು: 391ರಲ್ಲಿ 299 ಕಳೆದರೆ 92. 299ರಲ್ಲಿ ಮೂರು 92 ಕಳೆದರೆ 23. 92 ಅಂದರೆ ನಾಲ್ಕು 23. ಒಂದೇ ಒಂದು ಅಪವರ್ತನ ವೃಕ್ಷವಿಲ್ಲ. ಕೆಂಪು ಶಾಯಿಯಲ್ಲಿ ದುಂಡಗೆ ಸೊನ್ನೆ ಸುತ್ತಿ, ಸಾಲದೆಂಬಂತೆ 'ವಿಧಾನ ತಪ್ಪು' ಎಂದೂ ಬರೆದೆ.

ಸ್ಟಾಫ್ ರೂಮಿನಲ್ಲಿ ಹಿರಿಯ ಮೇಡಂ ಒಬ್ಬರು ಆ ಹಾಳೆಯ ಮೇಲೆ ಬೆರಳಿಟ್ಟರು. "ಅಲ್ರೀ, 13ನ್ನ 23ರಿಂದ ಗುಣಿಸಿ ನೋಡಿದ್ರಾ?"

299. ಆಮೇಲೆ 17ನ್ನು ಗುಣಿಸಿದೆ. 391. ಫ್ಯಾನಿನ ಕೆಳಗೇ ಬೆವರಿದೆ.

ಹುಡುಗನನ್ನು ಕರೆದು ಕೇಳಿದರೆ, "ಅಕ್ಕನ ಪುಸ್ತಕದಲ್ಲಿತ್ತು ಸರ್" ಅಂದ. ಅಕ್ಕ ಹತ್ತನೇ ಕ್ಲಾಸು. ಅದು ಯೂಕ್ಲಿಡ್‌ನ ವಿಧಾನ. ಕ್ರಿಸ್ತಪೂರ್ವ 300ರ ಸುಮಾರಿನ 'ಎಲಿಮೆಂಟ್ಸ್' ಗ್ರಂಥದ ಏಳನೆಯ ಪುಸ್ತಕ ಶುರುವಾಗುವುದೇ ಅದರಿಂದ. ನಾಚಿಕೆಯ ಸಂಗತಿಯೆಂದರೆ ನನಗದು ಗೊತ್ತಿತ್ತು. ಬಿ.ಎಸ್ಸಿ.ಯಲ್ಲಿ ಅದರ ಸಾಧನೆ ಬರೆದು ಪೂರ್ತಿ ಅಂಕ ಗಿಟ್ಟಿಸಿದ್ದೆ. ಆದರೆ ಅದರಿಂದ ಲೆಕ್ಕ ಮಾಡಬಹುದು ಎಂಬುದು ಒಂದು ದಿನವೂ ಹೊಳೆದಿರಲಿಲ್ಲ. ಆರ್ಯಭಟ 499ರಲ್ಲಿ ಹೇಳಿದ ಕುಟ್ಟಕ ಎಂಬ ವಿಧಾನವೂ ಇದೇ ಪರಸ್ಪರ ಭಾಗಾಕಾರದಿಂದ ಆರಂಭವಾಗುತ್ತದೆ. ಕುಟ್ಟಿ ಕುಟ್ಟಿ ಸಣ್ಣದು ಮಾಡುವುದು, ಹೆಸರು ಕನ್ನಡದ ಕಿವಿಗೂ ತಿಳಿಯುತ್ತದೆ. ಆಗ ಅವನಿಗೆ 23 ವರ್ಷವಂತೆ. ನಾನು ಕಳಕೊಂಡ ಸಂಖ್ಯೆಯೇ!

ನಾನು ತರಗತಿಯಲ್ಲಿ ಹೊತ್ತು ಕಳೆದದ್ದು ಬೇರೆಯದಕ್ಕೆ. ಅಪವರ್ತನವೂ 'ಅ', ಅಪವರ್ತ್ಯವೂ 'ಅ'. ಮ.ಸಾ.ಅ. ಮಹತ್ತಮವಾದರೂ ಚಿಕ್ಕದಾಗಿರುತ್ತದೆ, ಲ.ಸಾ.ಅ. ಲಘುತ್ತಮವಾದರೂ ದೊಡ್ಡದಾಗಿರುತ್ತದೆ. ಈ ಗೋಜಲು ಬಿಡಿಸುವುದರಲ್ಲೇ ಪೀರಿಯಡ್ಡು ಮುಗಿಯುತ್ತಿತ್ತು. ಮಿಕ್ಕ ಹೊತ್ತಿನಲ್ಲಿ ಪ್ರತಿಯೊಂದು ಸಂಖ್ಯೆಯನ್ನೂ ಬೇರೆ ಬೇರೆಯಾಗಿ ಒಡೆಸುತ್ತಿದ್ದೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ ಅನ್ನಲಿಲ್ಲ.

ಮಾರನೆಯ ದಿನ ಎರಡು ಹಗ್ಗ ಒಯ್ದೆ. ಎರಡನ್ನೂ ಶೇಷ ಉಳಿಯದಂತೆ ಅಳೆಯುವ ಒಂದು ಕೋಲಿದ್ದರೆ, ಉದ್ದದ್ದರಿಂದ ಗಿಡ್ಡದ್ದರಷ್ಟು ಕತ್ತರಿಸಿ ಉಳಿದ ತುಂಡನ್ನೂ ಆ ಕೋಲು ಅಳೆಯಲೇಬೇಕು. ಹಾಗಾದರೆ ದೊಡ್ಡ ಹಗ್ಗದ ಗೊಡವೆ ಬಿಟ್ಟು ತುಂಡಿನ ಜೊತೆ ಲೆಕ್ಕ ಮುಂದುವರಿಸಿದರಾಯಿತು. ಕೊನೆಗೆ ಯಾವ ತುಂಡು ತನ್ನ ಹಿಂದಿನದನ್ನು ಪೂರ್ತಿ ಅಳೆಯುತ್ತದೋ ಅದೇ ಕೋಲು. ನೂರಾರು ಅಂಕಿಗಳ ಸಂಖ್ಯೆಯನ್ನು ಅವಿಭಾಜ್ಯಗಳಾಗಿ ಒಡೆಯಲು ಕಂಪ್ಯೂಟರೇ ತಿಣುಕಬಹುದು, ಆದರೆ ಅಂಥ ಎರಡರ ಮ.ಸಾ.ಅ.ವನ್ನು ಈ ದಾರಿಯಲ್ಲಿ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಹೇಳುತ್ತದೆ.

ಮಕ್ಕಳೆದುರೇ ತಪ್ಪೊಪ್ಪಿಕೊಂಡೆ. ಯಾರೂ ನಗಲಿಲ್ಲ, ನಕ್ಕಿದ್ದರೆ ಹಗುರಾಗುತ್ತಿತ್ತೇನೋ. ಸೊನ್ನೆಯನ್ನು ಹೊಡೆದುಹಾಕಿ ಮೂರು ಬರೆದೆ. ಹುಡುಗ ಹಾಳೆ ತೆಗೆದುಕೊಂಡು ಎರಡು ಹೆಜ್ಜೆ ಹೋಗಿ ವಾಪಸು ಬಂದ.

"ಸರ್, ಇಲ್ಲೊಂದು ಸಹಿ ಹಾಕ್ಬಿಡಿ. ಇಲ್ಲಾಂದ್ರೆ ನಾನೇ ತಿದ್ದಿದೀನಿ ಅಂತಾರೆ ಅಪ್ಪ."